ಊಟದ ಗಂಟೆಯ ಶ್ರುತಿ

ಬೆಳಗಿನ ಭಜನೆಯ ಎರಡನೆಯ ನುಡಿಗೇ ಗೌರವ್ವನ ದನಿ ಒಡೆಯಿತು.

ಗೌರವ್ವ ಆಶ್ರಮದ ಅಡುಗೆ ನೋಡಿಕೊಳ್ಳುವ ಮುದುಕಿ. ಕೆಮ್ಮಿದಳು, ಗಂಟಲು ನೀವಿಕೊಂಡಳು, ಹಾಡುವುದನ್ನು ಬಿಟ್ಟು ತಂಬೂರಿಯ ಕಡೆ ನೋಡಿದಳು. ಉಳಿದವರೂ ನೋಡಿದರು.

ತಂಬೂರಿ ಶಿಷ್ಯ ಸೋಮಲಿಂಗನ ಕೈಯಲ್ಲಿತ್ತು. ಅವನ ಮುಖ ಅರಳಿತ್ತು.

“ಶ್ರುತಿ ಇಳಿಸು,” ಎಂದರು ಆಶ್ರಮದ ಗುರು ಕೊಟ್ರಯ್ಯಜ್ಜ.

“ಇವತ್ತು ಮನಸ್ಸು ಹಾರಾಡ್ತಿದೆ ಅಜ್ಜಾ! ತಂಗಿಯ ಹಾಡು ಮುಗೀತು.”

ತೀರಿಕೊಂಡ ತಂಗಿಯನ್ನು ನೆನೆದು ಅವನು ಬಹಳ ದಿನದಿಂದ ಆ ಹಾಡು ಕಟ್ಟುತ್ತಿದ್ದ. ಅಜ್ಜ ಅದನ್ನು ಕೇಳಬೇಕು, ಕೇಳಿ ಒಂದು ಮಾತು ಹೇಳಬೇಕು. ಅವನಿಗಿದ್ದ ಆಸೆ ಅದೊಂದೇ.

“ಹಾಡು,” ಎಂದರು ಅಜ್ಜ.

ಹಾಡಿದ. ಶ್ರುತಿ ಏರಿದಲ್ಲೇ ಇತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕತ್ತಿನ ನರ ಹಗ್ಗದಂತೆ ಉಬ್ಬಿತ್ತು.

“ಹೇಗಿತ್ತು ಅಜ್ಜಾ?”

“ಕೇಳಿಸಲಿಲ್ಲ.”

ಮರುದಿನ ಸೋಮಲಿಂಗನ ಮುಖ ಜೋತುಬಿದ್ದಿತ್ತು. ತಂತಿಗಳೂ ಜೋತುಬಿದ್ದಿದ್ದವು. ಭಜನೆ ಬಾವಿಗೆ ಇಳಿದಂತಾಯಿತು. ತಾನು ಹಾಡುತ್ತಿದ್ದೇನೋ ಗೊಣಗುತ್ತಿದ್ದೇನೋ ಗೌರವ್ವನಿಗೇ ತಿಳಿಯಲಿಲ್ಲ.

“ಏರಿಸು,” ಎಂದರು ಅಜ್ಜ.

“ಮನಸ್ಸೇ ಏಳ್ತಿಲ್ಲ. ತಂತಿ ಎಲ್ಲಿಂದ ಏಳಬೇಕು?”

ಭಜನೆ ಮುಗಿದ ಮೇಲೆ ಅದೇ ಇಳಿದ ಶ್ರುತಿಯಲ್ಲಿ ತಂಗಿಯ ಹಾಡನ್ನು ಮತ್ತೆ ಹಾಡಿದ.

“ಇವತ್ತಾದರೂ?”

“ಕೇಳಿಸಲಿಲ್ಲ.”

ಅಜ್ಜನ ಕಿವಿ ಮಂದವಾಗಿದೆ ಎಂದುಕೊಂಡ ಸೋಮಲಿಂಗ. ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕಿರುಚಿದ.

ಅಜ್ಜ ಕಣ್ಣು ಮುಚ್ಚಿ ಸಹಿಸಿದರು.

“ಕಿವಿ ನೆಟ್ಟಗಿದೆ,” ಎಂದು ಎದ್ದುಹೋದರು.

ಅಡುಗೆಮನೆಯ ಬಾಗಿಲಲ್ಲಿ ಗೌರವ್ವ ಕಾದಿದ್ದಳು.

“ಅಜ್ಜಾರೇ, ಇವನ ಮುಖ ನೋಡಿಯೇ ನಾವು ದಿನ ಶುರುಮಾಡಬೇಕಾ? ಮನಸ್ಸು ಚೆನ್ನಾಗಿದ್ದರೆ ಕರುವಿನ ಬಾನಿಗೆ ಇವನು ಸುರಿದ ನೀರು ತುಂಬಿ ಹರಿದು ಅಂಗಳವೆಲ್ಲ ಕೆಸರು. ಕೆಟ್ಟಿದ್ದರೆ ನೀರಿಲ್ಲದೆ ಕರು ಅರಚುತ್ತೆ. ಈಗ ನನ್ನ ಗಂಟಲಿಗೂ ಬಂತು.”

ಹಿಂದೆಯೇ ಬಂದಿದ್ದ ಸೋಮಲಿಂಗ ಕೇಳಿಸಿಕೊಂಡ.

“ಅಜ್ಜ ದಿನವೂ ಸಿಡಿಮಿಡಿ ಅಂತಾರಲ್ಲ, ಅದಕ್ಕೇನಂತೀ ಗೌರವ್ವಾ?”

“ಅವರದು ನಾ ಬಂದಾಗಿನಿಂದ ಒಂದೇ ಸಿಡಿಮಿಡಿ ತಮ್ಮಾ. ಅದಕ್ಕೆ ಹೊಂದಿಕೊಂಡು ಅಡುಗೆ ಮಾಡಬಹುದು. ನಿಂದು ಹೊತ್ತಿಗೊಂದು.”

ಅಜ್ಜ ನಗಲಿಲ್ಲ. ಬಾಗಿಲ ಪಕ್ಕದಲ್ಲಿ ಊಟಕ್ಕೆ ಕರೆಯುವ ಹಿತ್ತಾಳೆಯ ಗಂಟೆ ತೂಗಿತ್ತು. ಗೌರವ್ವನ ಕೈಯಿಂದ ಸೌಟು ಕಿತ್ತುಕೊಂಡು ಅದಕ್ಕೊಂದು ಬಾರಿಸಿದರು.

“ಇದಕ್ಕೆ ಕೂಡಿಸು ತಂಬೂರಿ. ದಿನಾ.”

“ಗಂಟೆಗೆ ಮನಸ್ಸು ಎಲ್ಲಿದೆ ಅಜ್ಜಾ?”

“ಇಲ್ಲ. ಅದಕ್ಕೇ.”

“ಅಂಬಲಿಗೂ ಅದೇ ದನಿ, ಹೋಳಿಗೆಗೂ ಅದೇ ದನಿ,” ಎಂದು ಗೌರವ್ವ ಸೌಟು ವಾಪಸು ಪಡೆದು ಒಳಗೆ ಹೋದಳು.

ಸೋಮಲಿಂಗನ ಕಣ್ಣು ಕೆಂಪಾಯಿತು.

“ನನ್ನ ತಂಗಿ ಸತ್ತಿದ್ದಾಳೆ. ನನ್ನ ದುಃಖ ಎಲ್ಲಿ ಹೋಗಬೇಕು?”

“ಹಾಡಿಗೆ ಹೋಗಲಿ. ತಂತಿ ಬಿಗಿಯೋ ಬಿರಡೆಗೆ ಯಾಕೆ ಹೋಗುತ್ತೆ?”

“ಊಟದ ಗಂಟೆಗೆ ಕಟ್ಟಿಹಾಕಿದರೆ ಹಾಡು ಸಾಯುತ್ತೆ ಅಜ್ಜಾ. ನನ್ನ ಕೈಲಾಗಲ್ಲ. ನಾಳೆ ಹೊರಟೆ.”

“ಹೋಗು. ಹೋಗೋ ಮುಂಚೆ ಶ್ರುತಿ ಮಾಡಿಟ್ಟು ಹೋಗು.”

ಅಷ್ಟು ಹೇಳಿ ಅಜ್ಜ ಹೊಳೆಯ ಕಡೆ ನಡೆದರು. ಒಂದು ದಿನಕ್ಕೆ ಇಷ್ಟು ಮಾತು ಅವರಿಗೆ ವಿಪರೀತ. ಮೆಟ್ಟಿಲ ಮೇಲೆ ಕೂತು ನೀರನ್ನು ದುರುಗುಟ್ಟಿ ನೋಡಿದರು. ಆ ಹಾಡು ಕೇಳುವ ಆಸೆ ಅವರಿಗೂ ಇತ್ತು. ಹಾಗೆಂದು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ಬೆಳಗಾಯಿತು. ಹೊಸ್ತಿಲ ಬಳಿ ಸೋಮಲಿಂಗನ ಬಟ್ಟೆಯ ಗಂಟು ಕೂತಿತ್ತು.

ಅವನು ಗಂಟೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಹೊಡೆದ. ಬಿರಡೆ ತಿರುವಿದ. ಮತ್ತೆ ಹೊಡೆದ, ಮತ್ತೆ ತಿರುವಿದ. ಕೊನೆಗೆ ಗಂಟೆಯ ದನಿ ಎಲ್ಲಿ ಮುಗಿಯಿತು, ತಂತಿಯದು ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಯಿತು.

“ತಗೊಳ್ಳಿ ನಿಮ್ಮ ಗಂಟೆ,” ಎಂದ.

ಭಜನೆಗೂ ಕಾಯದೆ ತಂಗಿಯ ಹಾಡು ಎತ್ತಿಕೊಂಡ.

ಮೊದಲ ಸಾಲಿನ ತುಂಬ ಅಜ್ಜನ ಮೇಲಿನ ಸಿಟ್ಟು. ಎರಡನೆಯ ಸಾಲಿಗೆ ಆ ಸಿಟ್ಟು ತಿರುಗಿತು. ಹೇಳದೆ ಕೇಳದೆ ಹೋದವಳ ಕಡೆ ತಿರುಗಿತು. ದನಿ ಕೆಳಗೆ ಜಾರಿತು, ಎದ್ದಿತು, ಮತ್ತೆ ಜಾರಿತು. ತಂಬೂರಿ ಅವನ ಜೊತೆ ಇಳಿಯಲಿಲ್ಲ, ಏರಲೂ ಇಲ್ಲ. ಇದ್ದಲ್ಲೇ ಇತ್ತು. ಅವನು ಎಷ್ಟು ಆಳಕ್ಕೆ ಬಿದ್ದನೆಂಬುದು ಕೂತವರಿಗೆಲ್ಲ ತಿಳಿಯಿತು.

ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗೆ ಖಾಲಿ ಬಾನಿಯ ಹತ್ತಿರ ಕರು ಅರಚುತ್ತಿತ್ತು. ಯಾರೂ ಏಳಲಿಲ್ಲ.

ಹಾಡು ಮುಗಿಯಿತು. ಸೋಮಲಿಂಗ ತಂಬೂರಿಯನ್ನು ಗೋಡೆಗೆ ಒರಗಿಸಿದ. ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡ. ಹೊಸ್ತಿಲಲ್ಲಿ ನಿಂತ. ತಿರುಗದೆಯೇ ಕೇಳಿದ.

“ಕೇಳಿಸಿತಾ ಅಜ್ಜಾ?”

“ಕೇಳಿಸಿತು,” ಎಂದರು ಕೊಟ್ರಯ್ಯಜ್ಜ. “ಕರುವಿನದೂ ಕೇಳಿಸಿತು. ಗಂಟು ಕೆಳಗಿಟ್ಟು ಹೋಗಿ ನೀರು ಹಾಕು.”