ಮುಳುಗದ ದೋಣಿಗಳ ಅಂಗಡಿ

“ಬುದ್ಧಿ, ಸತ್ತವರ ಹೆಸರು ಬರೆದಿರುವ ಕಡೆ ಅಂಗಡಿ ಇಡಬಹುದೇ?” ಎಂದು ನಿರ್ವಾಣಪ್ಪ ಕೇಳಿದ.

ಮಠದ ಜಗಲಿಗೆ ಬಂದು ಕುಳಿತಾಗಿನಿಂದ ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಹಿಂಡುವುದು, ಮತ್ತೆ ಹಾಕಿಕೊಳ್ಳುವುದು, ಇದನ್ನೇ ಮಾಡುತ್ತಿದ್ದ.

ಅವನ ಊರಿನ ಸೇತುವೆ ಕುಸಿದು ಜನ ಸತ್ತಿದ್ದರು. ಅವರಲ್ಲಿ ಅವನ ತಮ್ಮ ಗುರುಪಾದನೂ ಒಬ್ಬ. ಊರವರು ಹೊಳೆಯ ದಡದಲ್ಲಿ ಸ್ಮಾರಕ ಭವನ ಕಟ್ಟಿಸಿ, ಗೋಡೆಗೆ ಹೆಸರು ಬರೆಸಿ, ನೀರಿನಿಂದ ತೆಗೆದ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗುರುಪಾದನ ಊಟದ ಡಬ್ಬಿಯೂ ಅಲ್ಲಿತ್ತು. ತಾಯಿ ಸೋಮವಾರ ಸೋಮವಾರ ಹೋಗಿ ಅದರ ಮುಂದೆ ಕುಳಿತು ಬರುತ್ತಿದ್ದಳು.

ಈಗ ಸಮಿತಿಯವರು ಅಲ್ಲಿ ಅಂಗಡಿ ತೆರೆಯಬೇಕೆಂದಿದ್ದರು. ಹಳೆಯ ಸೇತುವೆಯ ಚಿತ್ರವಿರುವ ಕೀಚೈನು, ಲೋಟ, ಕೈಚೀಲ ಮಾರುವುದು. ಒಳಗೆ ಬಂದವರೆಲ್ಲ ಅಂಗಡಿಯ ಮೂಲಕವೇ ಹೊರಗೆ ಹೋಗುವಂತೆ ದಾರಿ ಮಾಡುವುದು. ಸತ್ತವರ ಮನೆಯವರ ಪರವಾಗಿ ನಿರ್ವಾಣಪ್ಪ ಸಮಿತಿಯಲ್ಲಿದ್ದ. ಅವನು ಹೂಂ ಎಂದರೆ ಅಂಗಡಿ, ಊಹೂಂ ಎಂದರೆ ಇಲ್ಲ. ನಾಳೆ ಬೆಳಿಗ್ಗೆ ಕೊನೆಯ ಮಾತು ಹೇಳಬೇಕಿತ್ತು.

“ಮೊದಲು ಬೇಡ ಅಂದೆ ಬುದ್ಧಿ. ‘ಹಾಗಾದರೆ ಭವನದ ಸೋರೋ ತಾರಸಿ ರಿಪೇರಿಗೆ ನಿಮ್ಮಪ್ಪ ದುಡ್ಡು ಕೊಡ್ತಾನೇನೋ?’ ಅಂದರು ಅಧ್ಯಕ್ಷರು. ಅದೂ ನಿಜವೇ. ಹೋಗಲಿ, ಹೂಂ ಅಂದುಬಿಡೋಣ ಅಂದುಕೊಂಡರೆ ಆ ಡಬ್ಬಿ ಕಣ್ಣ ಮುಂದೆ ಬರುತ್ತೆ.”

“ನಿಮ್ಮವ್ವನಿಗೆ ಹೇಳಿದೆಯಾ?”

“ಇಲ್ಲ ಬುದ್ಧಿ. ಬಾಯಿ ಬರಲಿಲ್ಲ.”

“ಹಾಗಾದರೆ ಆ ಟವೆಲನ್ನು ಬಿಡು, ಅದೇನು ಪಾಪ ಮಾಡಿದೆ?” ಎಂದು ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಹೊಳೆ. ಅಲ್ಲಿ ಒಬ್ಬ ಅಂಬಿಗ. ಒಂದು ವರ್ಷ ನೆರೆ ಬಂದು ಆಚೆ ದಡದವರು ಸಿಕ್ಕಿಕೊಂಡರು. ಅಂಬಿಗ ಅವರನ್ನು ಸರದಿಯಂತೆ ಈಚೆಗೆ ತಂದು ಬಿಟ್ಟ. ಕೊನೆಗೆ ಉಳಿದಿದ್ದ ಒಬ್ಬನನ್ನು ಕರೆತರಲು ಹೋದವನು ದೋಣಿಯ ಸಮೇತ ಮುಳುಗಿದ. ಹೆಣವೂ ಸಿಗಲಿಲ್ಲ. ಬದುಕಿದವರು ದಡದಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸಿದರು.

ಕಲ್ಲು ನೋಡಲು ದೂರದೂರದ ಜನ ಬರತೊಡಗಿದರು. ಒಬ್ಬ ವ್ಯಾಪಾರಿ ಅಲ್ಲಿ ಅಂಗಡಿ ಇಟ್ಟ. ಮೊದಮೊದಲು ಕಾಯಿ ಕರ್ಪೂರ ಮಾರಿದ. ಮನೆಗೆ ಒಯ್ಯಲು ಏನಾದರೂ ಇದೆಯೇ ಎಂದು ಜನ ಕೇಳಿದರು. ಮರದ ಪುಟ್ಟ ದೋಣಿಗಳನ್ನು ಮಾಡಿಸಿ ಸಾಲಾಗಿ ಇಟ್ಟ. ಅವನೇನೂ ಕೆಟ್ಟವನಲ್ಲ. ಬಂದ ಲಾಭದಲ್ಲಿ ಕಲ್ಲಿನ ಸುತ್ತ ಕಳೆ ಕೀಳಿಸುತ್ತಿದ್ದ, ಸಂಜೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಮಾತು ಮಾತ್ರ ಸಂತೆಯದು.

ಒಂದು ದಿನ ಒಬ್ಬ ಮುದುಕಿ ಬಂದಳು. ಕಲ್ಲಿನ ಹತ್ತಿರ ಬಹಳ ಹೊತ್ತು ನಿಂತಿದ್ದು, ಆಮೇಲೆ ಅಂಗಡಿಗೆ ಬಂದು ಒಂದು ದೋಣಿಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

“ತಗೊಳ್ಳವ್ವಾ, ಮೊಮ್ಮಕ್ಕಳಿಗೆ ಆಗುತ್ತೆ. ಗಟ್ಟಿ ಮರ. ಬೋಗುಣೀಲಿ ಬಿಡು, ಕೆರೇಲಿ ಬಿಡು, ಏನು ಮಾಡಿದರೂ ಮುಳುಗೋದಿಲ್ಲ” ಎಂದ ವ್ಯಾಪಾರಿ.

ಮುದುಕಿ ಅವನ ಮುಖ ನೋಡಿದಳು. ದೋಣಿಯನ್ನು ಇದ್ದಲ್ಲೇ ಇಟ್ಟು ತಿರುಗಿದಳು.

ಬರಿಗೈಯಲ್ಲಿ ಹೋಗುವ ಗಿರಾಕಿಯನ್ನೂ ನಗುನಗುತ್ತ ಕಳಿಸಬೇಕೆಂಬುದು ಅವನು ಕಲಿತ ಕಸುಬು. “ಹೋಗಿ ಬಾರವ್ವಾ, ಮತ್ತೆ ಬಾ” ಎಂದು ಕೂಗಿ ಹೇಳಿದ.

ಮುದುಕಿ ನಿಂತಳು. “ಸಾವಿನ ಮನೆಯಿಂದ ಹೊರಟವರಿಗೆ ಯಾರಾದರೂ ಹೋಗಿ ಬಾ ಅಂತಾರೇನಪ್ಪಾ?”

“ಇದು ಅಂಗಡಿ ಕಣವ್ವಾ.”

“ನಿನಗೆ ಅಂಗಡಿ” ಎಂದು ಹೇಳಿ ಅವಳು ಹೊರಟುಹೋದಳು.

ಅವಳು ಅಂಬಿಗನ ತಾಯಿ ಎಂದು ಪಕ್ಕದಲ್ಲಿ ಹೂ ಮಾರುವವಳು ಹೇಳಿದಳು.

ನಿರ್ವಾಣಪ್ಪ ತಡೆಯಲಾರದೆ, “ಅವತ್ತೇ ಅಂಗಡಿ ಮುಚ್ಚಬೇಕಿತ್ತು ಬುದ್ಧಿ” ಎಂದ.

“ಮುಚ್ಚಿದ. ಕೇಳು” ಎಂದರು ಗುರುಗಳು.

ವ್ಯಾಪಾರಿ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತ. ಕಲ್ಲಿನ ಸುತ್ತ ಕಳೆ ಬೆಳೆಯಿತು. ದೀಪ ಹಚ್ಚುವವರಿಲ್ಲ. ಅದನ್ನು ನೋಡಲಾರದೆ ಮತ್ತೆ ತೆರೆದ. ತೆರೆದರೂ ನೆಮ್ಮದಿಯಿಲ್ಲ. ಗಿರಾಕಿ ಹೊರಟರೆ ಸಾಕು, ‘ಹೋಗಿ ಬಾ’ ಎಂಬ ಅಭ್ಯಾಸದ ಮಾತು ಹಲ್ಲಿನ ಹಿಂದೆಯೇ ನಿಲ್ಲುತ್ತಿತ್ತು. ಆಡಿದರೆ ನಾಲಿಗೆ ಕಹಿ. ಆಡದಿದ್ದರೆ, “ನಾಲ್ಕು ಕಾಸು ಕಂಡ, ಸೊಕ್ಕು ಬಂತು” ಎಂದು ಜನ ಆಡಿಕೊಳ್ಳುತ್ತಿದ್ದರು. ದೋಣಿಗಳನ್ನು ಹಿಂದಿನ ಸಾಲಿಗೆ ಇಡುತ್ತಿದ್ದ, ಮತ್ತೆ ಮುಂದಕ್ಕೆ ತರುತ್ತಿದ್ದ. ಕುಳಿತಲ್ಲಿ ಕುಳಿತುಕೊಳ್ಳಲಾರದವನಾದ.

ಮರುವರ್ಷ ನೆರೆ ಇಳಿದ ಮೇಲೆ ಮುದುಕಿ ಮತ್ತೆ ಬಂದಳು. ಕಲ್ಲಿಗೆ ಕೈಮುಗಿದು ಅಂಗಡಿಗೆ ಬಂದು, ಒಂದು ದೋಣಿ ತೆಗೆದು ಮಡಿಲಲ್ಲಿ ಕಟ್ಟಿಕೊಂಡಳು. ವ್ಯಾಪಾರಿ ತುಟಿ ಬಿಚ್ಚಲಿಲ್ಲ.

“ಅವನದು ಅಂತ ಮನೇಲಿ ಒಂದು ಕಡ್ಡೀನೂ ಇಲ್ಲ ಕಣಪ್ಪಾ. ಎಲ್ಲಾನೂ ಹೊಳೆ ಇಟ್ಟುಕೊಂಡಿತು. ಹೋದ ವರ್ಷವೇ ಒಯ್ಯಬೇಕು ಅಂತಿದ್ದೆ. ನೀನು ಬಾಯಿ ಬಿಟ್ಟೆ” ಎಂದಳು.

ಅವಳು ಕೊಟ್ಟ ಬೆಲೆಯನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೇಡವೆಂದಿದ್ದರೆ ಅದು ಅವಳಿಗೆ ಭಿಕ್ಷೆಯಾಗುತ್ತಿತ್ತು. ಆಮೇಲೆ ಗಲ್ಲಾ ಬಿಟ್ಟು ಇಳಿದು, ಬರಿಗಾಲಲ್ಲಿ ಅವಳ ಹಿಂದೆ ದಾರಿಯ ತಿರುವಿನವರೆಗೂ ನಡೆದ. ಅಲ್ಲಿಯೂ ಹೇಳುವ ಮಾತು ಸಿಗಲಿಲ್ಲ. ಮುದುಕಿ ಹಿಂತಿರುಗಿ ನೋಡದೆ ಹೋದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಇನ್ನೂ ಇರಬಹುದೆಂದು ನಿರ್ವಾಣಪ್ಪ ಕಾದ. ಮುದುಕಿಯ ಮಡಿಲಿನ ದೋಣಿಯೂ, ಗಾಜಿನೊಳಗಿನ ಡಬ್ಬಿಯೂ ಅವನ ತಲೆಯಲ್ಲಿ ಒಂದಾದ ಮೇಲೊಂದು ಬಂದುಹೋಗುತ್ತಿದ್ದವು.

“ಹಾಗಾದರೆ ಅಂಗಡಿ ಇರಬಹುದು ಅಂತಲೇ ಬುದ್ಧಿ? ನಾಳೆ ಹೂಂ ಅಂದುಬಿಡಲೇ?” ಎಂದ. ಕೈ ಮತ್ತೆ ಟವೆಲಿಗೆ ಹೋಗಿತ್ತು.

ಗುರುಗಳು ಎದ್ದು ನಿಂತರು. “ಸೋಮವಾರ ನಿಮ್ಮವ್ವ ಆ ಅಂಗಡಿ ದಾಟಿ ಹೊರಗೆ ಬರುವಾಗ, ಅಲ್ಲಿ ಕುಳಿತವನು ಅವಳಿಗೆ ಏನು ಹೇಳಿ ಕಳಿಸಬೇಕು, ಅದನ್ನು ಮೊದಲು ನನಗೆ ಹೇಳು.”

ನಿರ್ವಾಣಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಅವ್ವನನ್ನೇ ಕೇಳಬೇಕೆಂದು ಜಗಲಿಯಿಂದ ಇಳಿದ.