ವಾಲಿದ ಗೋಡೆಯ ಲೆಕ್ಕ

ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ. ಸುಳ್ಳು ಬಿಡಿ, ಏಳರ ಮಗ್ಗಿಗೆ ಹೆದರಿ ಶಾಲೆ ಬಿಟ್ಟವನು ನಾನು. ನಮ್ಮೂರ ತಿಪ್ಪೇಸ್ವಾಮಿ ಮೇಷ್ಟ್ರು ಹಾಗಲ್ಲ. ಶಾಲೆಯ ಗೋಡೆ ಒಳಕ್ಕೆ ವಾಲಿದೆ, ಮಕ್ಕಳ ಮೇಲೆ ಬಿದ್ದೀತು ಎಂದು ಅರ್ಜಿ ಬರೆದು ಬರೆದು ಸೋತಿದ್ದರು.

ತಪಾಸಣೆಗೆ ಬಂದ ಸಾಹೇಬರು ಅದೇ ಗೋಡೆಗೆ ಒರಗಿ ಕೂತು, "ಗೋಡೆ ಮಾತು ಬಿಡ್ರೀ. ಕಣ್ಣೆದುರಿನ ವಸ್ತುವಿನಲ್ಲಿ ಗಣಿತ ಕಲಿಸಿ ತೋರಿಸಿ, ಇಲ್ಲಾಂದ್ರೆ ವರ್ಗ ಮಾಡಿಸ್ತೀನಿ," ಎಂದರು.

ಮೇಷ್ಟ್ರು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು: "ಈ ಗೋಡೆಗೆ ಸಾಹೇಬರೇ ಆಸರೆ. ಸಾಹೇಬರನ್ನು ಕಳೆದರೆ ಎಷ್ಟು ಉಳಿಯುತ್ತೆ?"

"ಏನೂ ಉಳಿಯಲ್ಲ ಸಾರ್."

ಸಾಹೇಬರು ಏಳಲಾರದೆ ಬೆವರಿದರು. "ರಿಪೇರಿ ಮಾಡಿಸ್ತೀನಿ, ಮೊದಲು ನನ್ನ ಬಿಡಿಸ್ರೀ."

ಮೇಷ್ಟ್ರು ತಮ್ಮ ಬೆನ್ನು ಕೊಟ್ಟು ಬಿಡಿಸಿದರು.

ವಾರದಲ್ಲಿ ಆದೇಶ ಬಂತು: ಮೇಷ್ಟ್ರ ಬೆನ್ನೇ ಸಾಕು, ರಿಪೇರಿ ಬೇಡ, ಅಲ್ಲೇ ಒರಗಿ ಪಾಠ ಮಾಡತಕ್ಕದ್ದು.

ಪಾಪ, ಇನ್ನೂ ಒರಗಿದ್ದಾರೆ. ನಾನೂ ಈ ಹೋಟೆಲಿನ ಗೋಡೆಗೆ ಒರಗಿದ್ದೇನೆ, ಏಳಲಾರೆ. ಟೀ ದುಡ್ಡು ನೀವೇ ಕೊಟ್ಟುಬಿಡಿ.