ಗುಳಂಬದ ಮ್ಯಾಲ ಬೂದಿ

ತಿಕೋಟಾ ಕಡೆ ದ್ರಾಕ್ಷಿ ತ್ವಾಟದ ಅಂಚಿಗೆ ಕಲ್ಲವ್ವನ ಮನಿ. ಮಗ ನಿಂಗೊಂಡ. ಮೀಸಿ ಬಂದಿತ್ತು, ಬುದ್ಧಿ ಇನ್ನೂ ಹಾದ್ಯಾಗ ಇತ್ತು! ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ ನೋಡ್ರಿ, ಅದ ತಾಯಿಗೆ ತಲಿಬ್ಯಾನಿ.

ಬಸುರಿ ಮಗಳು ಚಂದವ್ವ ಗಂಡನ ಮನ್ಯಾಗ ತುತ್ತು ಅನ್ನ ಮುಟ್ಟವಲ್ಲಳು ಅಂತ ಸುದ್ದಿ ಬಂತು. ಕಲ್ಲವ್ವಗ ಜೀವ ಹಾರಿದಂಗಾತು.

"ದ್ರಾಕ್ಷಿ ಗುಳಂಬ ಮಾಡಿ ಕಳಸ್ತೀನಿ. ಬೆಲ್ಲದಾಗ ಕುದಿಸಿದ್ದಂದ್ರ ಆಕಿಗೆ ಪಂಚಪ್ರಾಣ. ನಿಂಗ್ಯಾ, ಸಿಹಿ ಐತೇನು ನೋಡಿ ಹಣ್ಣು ಹರಕೊಂಡು ಬಾ!"

ನೋಡಿದ. ಒಂದೊಂದೂ ಕಚ್ಚಿ ನೋಡಿದ. ಬುಟ್ಟಿ ತುಂಬ ಎಂಜಲ!

"ಅಯ್ಯ ನಿನ್ನ! ತಿನ್ನೂ ಸಾಮಾನ ಎಂಜಲ ಮಾಡಬಾರದೋ, ನೀರಾಗ ಚಲೋ ತೊಳೀಬೇಕು!"

"ಆತವ್ವಾ."

ಅಂಗಡಿಯಿಂದ ಬೆಲ್ಲ ತಂದ. ಬಾವ್ಯಾಗ ಇಳಿದು ತಿಕ್ಕಿ ತಿಕ್ಕಿ ತೊಳೆದ. ಬೆಲ್ಲ ಸಣ್ಣಾತು, ಸಣ್ಣಾತು, ಇಲ್ಲಾತು!

"ಅಬ್ಬಬ್ಬಾ! ಅವ್ವಾ, ಬಾವಿ ಬೆಲ್ಲ ತಿಂತೈತಿ!"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅರಿವ್ಯಾಗ ಕಟ್ಟಿ ಬಗಲಾಗ ಹಿಡಕೊಂಡು ಬರಬೇಕು!"

"ಆತವ್ವಾ."

ಹಣ್ಣು, ಬೆಲ್ಲ ಕಲ್ಲವ್ವ ತಾನ ತಂದಳು. ಒಲಿ ಆರಿತ್ತು. ನೆರಮನಿಯಿಂದ ಕೆಂಡ ತಾ ಅಂದಳು. ಅರಿವ್ಯಾಗ ಕಟ್ಟಿದ, ಬಗಲಾಗ ಹಿಡಿದ. ಹೊಗಿ ಎದ್ದಿತು!

"ಅವ್ವಾ, ನನ್ನ ಬಗಲಾಗ ಸೂರ್ಯಾ ಹುಟ್ಯಾನ!"

"ಚೆಲ್ಲೋ, ಚೆಲ್ಲೋ! ಬಿಸಿ ಇದ್ದದ್ದನ್ನ ಗಡಿಗ್ಯಾಗ ಹಾಕಿ, ಮ್ಯಾಲ ಬೂದಿ ಮುಚ್ಚಿ ಒಯ್ಯಬೇಕು!"

"ಆತವ್ವಾ."

ಅಂತೂ ಗುಳಂಬ ಕುದೀತು. ನಿಂಗೊಂಡ ಬಗ್ಗಿ ನೋಡಿದ. ಹಣ್ಣು ಹೋಗಿ ಮಿರಿಮಿರಿ ಮಿಂಚೂ ಪಾಕ!

"ಬಿಸಿ ಇರೂದರಾಗ ಅಕ್ಕಗ ಮುಟ್ಟಿಸು. ಆಕಿ ಉಣ್ಣೂತನಕ ನನಗೂ ಅನ್ನ ಇಳಿಯಂಗಿಲ್ಲ."

ಬಿಸಿ! ನಿಂಗೊಂಡ ಗಡಿಗ್ಯಾಗಿನ ಗುಳಂಬದ ಮ್ಯಾಲ ಎರಡು ಬೊಗಸಿ ಬೂದಿ ಮುಚ್ಚಿ ನಡೆದ.

ಅಕ್ಕನ ಮನ್ಯಾಗ ಮುಚ್ಚಳ ತಗದು ಚಂದವ್ವನ ಅತ್ತಿ ಬಾಯಿಗೆ ಕೈ ಇಟ್ಟಳು. ಚಂದವ್ವ ಬೂದಿಗೆ ಬೆರಳು ಹಚ್ಚಿ ನೆಕ್ಕಿದಳು. ಮತ್ತ ನೆಕ್ಕಿದಳು.

"ತವರಮನಿ ಒಲಿ ಬೂದಿ! ಇದರ ಬಯಕಿಗೇ ಜೀವ ಒದ್ದಾಡತಿತ್ತು, ಹೇಳಾಕ ನಾಚಿಕಿ. ನಿನಗ ಹೆಂಗ ತಿಳೀತೋ ತಮ್ಮಾ?"

ಬೂದಿ ತಿಂದಳು, ಗುಳಂಬ ತಿಂದಳು, ಮ್ಯಾಲ ಎರಡು ರೊಟ್ಟಿ ಬೇಡಿ ಉಂಡಳು!

ಕೇಳಿ ಕಲ್ಲವ್ವ ಮಗನಿಗೆ ಕೈ ಮುಗಿದಳು. "ಶಿವನ ಬಂದು ನಿನ್ನ ಕೈಲೆ ಮಾಡಿಸ್ಯಾನ! ಶಾಣ್ಯಾ ಆದಿ. ಇನ್ನ ಅಕ್ಕನ ಮನಿಗೆ ಏನ ಒಯ್ದರೂ ಹಿಂಗ ಒಯ್ಯಿ!"

"ಆತವ್ವಾ."

ಚಂದವ್ವನ ಕುಬಸಕ್ಕ, ಅಂದ್ರ ಸೀಮಂತಕ್ಕ, ತವರಿನಿಂದ ಬುಟ್ಟಿ ತುಂಬ ಹೋಳಿಗಿ ಹೋತು. ಬೀಗರೆಲ್ಲ ಸಾಲಾಗಿ ಕುಂತರು. ನಿಂಗೊಂಡ ಬುಟ್ಟಿ ಬಿಚ್ಚಿದ. ಕಲ್ಲವ್ವ ಸೆರಗಿನಾಗ ಮಾರಿ ಮುಚ್ಚಿಕೊಂಡಳು.

ಎಲಿಗೊಂದು ಬೊಗಸಿ ನೀಡಕೋತ ನಿಂಗೊಂಡ ಅಂತಾನ, "ಸಂಕೋಚ ಮಾಡಬ್ಯಾಡ್ರಿ ಬೀಗರ, ಬೂದಿ ತೀರಿದ ಮ್ಯಾಲ ಹೋಳಿಗಿನೂ ಅದಾವ!"